ಮಣ್ಣಿನ ಬಸಿಪೈಪಿನ ಗೋಡೆ ನೀರು ಹೀರುತ್ತದೆಯೇ? ಅಚ್ಚು ಮಾಡಿಸುವ ಮೊದಲು ಇದನ್ನು ಓದಿ

ಕೆರೆ ಏರಿಯ ಕೆಳಗಿನ ಜಮೀನು ಜೌಗು ಹಿಡಿದಿದೆ, ಟೊಮೆಟೊ ಗಿಡದ ಬೇರು ಕೊಳೆಯುತ್ತಿದೆ ಎಂದು ಯಾರ ಹತ್ತಿರವಾದರೂ ಹೇಳಿನೋಡಿ. ಈ ಥರದ ಸಲಹೆ ಸಿಗುತ್ತದೆ: "ಸುಟ್ಟ ಮಣ್ಣಿನ ಪೈಪು ಹೂಳಿ. ಮಡಕೆ ಒಸರುವ ಹಾಗೆ ಪೈಪಿನ ಗೋಡೆಯೇ ನೀರು ಹೀರಿಕೊಳ್ಳುತ್ತದೆ. ಮಣ್ಣು ಒಳಗೆ ಹೋಗದ ಹಾಗೆ ಸಂದಿಗೆ ಸಿಮೆಂಟ್ ಮೆತ್ತಿ."

ಮೊದಲನೆಯ ಮಾತು ಸರಿ. ಎರಡನೆಯದು ಕೇಳಲು ಚೆನ್ನಾಗಿದೆ, ಆದರೆ ಲೆಕ್ಕಕ್ಕೆ ಬರುವಷ್ಟು ನಿಜವಲ್ಲ. ಮೂರನೆಯದನ್ನು ಪಾಲಿಸಿದರೆ ಅಚ್ಚಿಗೆ, ಮಣ್ಣಿಗೆ, ಸೌದೆಗೆ, ಗುಂಡಿ ತೋಡಿದ ಕೂಲಿಗೆ ಹಾಕಿದ ದುಡ್ಡೆಲ್ಲ ಪೈಪಿನ ಜೊತೆಗೇ ಮಣ್ಣುಪಾಲು. ಯಾಕೆಂದರೆ ನೀರು ಒಳಗೆ ಬರುವುದೇ ಆ ಸಂದಿಯಿಂದ.

ಟೈಲ್ ಅಂದರೆ ಇಲ್ಲಿ ಬಚ್ಚಲುಮನೆಯ ಟೈಲ್ ಅಲ್ಲ

ಅನ್ನ ಬಸಿಯುವುದು ನಮಗೆಲ್ಲ ಗೊತ್ತು. ಅಗುಳು ಪಾತ್ರೆಯಲ್ಲೇ ಉಳಿದು ಗಂಜಿ ಮಾತ್ರ ಇಳಿದುಹೋಗಬೇಕು. ಜಮೀನಿನಲ್ಲಿ ಇದೇ ಕೆಲಸಕ್ಕೆ ತೋಡುವ ಕಾಲುವೆಯನ್ನು ಬಸಿಗಾಲುವೆ ಎನ್ನುತ್ತಾರೆ. ತೆರೆದ ಬಸಿಗಾಲುವೆ ಜಾಗ ತಿನ್ನುತ್ತದೆ, ಅದರ ಮೇಲೆ ಉಳಲು ಆಗುವುದಿಲ್ಲ. ಅದಕ್ಕೇ ನೆಲದೊಳಗೆ ಮೂರು ನಾಲ್ಕು ಅಡಿ ಆಳದಲ್ಲಿ ಒಂದೊಂದು ಅಡಿ ಉದ್ದದ ಕೊಳವೆಗಳನ್ನು ಸಾಲಾಗಿ ಇಟ್ಟು ಮಣ್ಣು ಮುಚ್ಚುವ ಪದ್ಧತಿ ಬಂತು. ಈ ಕೊಳವೆಗೇ ಡ್ರೈನೇಜ್ ಟೈಲ್ ಎಂದು ಹೆಸರು.

ಕೊಳವೆಗೆ ಟೈಲ್ ಎಂಬ ಹೆಸರು ಯಾಕೆ? ಇಂಗ್ಲೆಂಡಿನಲ್ಲಿ ಮೊದಮೊದಲು ಹೂಳುತ್ತಿದ್ದದ್ದು ನಿಜವಾಗಿಯೂ ಹೆಂಚಿನಂಥದ್ದನ್ನೇ. ಹಸಿಮಣ್ಣಿನ ಹಾಳೆಯನ್ನು ಮರದ ದಿಂಡಿನ ಮೇಲೆ ಕುದುರೆ ಲಾಳದ ಆಕಾರಕ್ಕೆ ಬಾಗಿಸಿ ಸುಡುತ್ತಿದ್ದರು. ಆಗ ಅಲ್ಲಿ ಇಟ್ಟಿಗೆ, ಹೆಂಚುಗಳ ಮೇಲೆ ತೆರಿಗೆ ಇತ್ತು. ಜಮೀನು ಬಸಿಯುವ ಹೆಂಚಿಗೆ 1826ರ ಕಾನೂನು ವಿನಾಯಿತಿ ಕೊಟ್ಟಿತು, ಆದರೆ ಪ್ರತಿ ಹೆಂಚಿನ ಮೇಲೂ 'ಡ್ರೈನ್' ಎಂದು ಒತ್ತಿರಬೇಕಿತ್ತು. ವಿನಾಯಿತಿಯ ಹೆಂಚನ್ನು ತಂದು ಮಾಡಿಗೆ ಹೊದಿಸುವವರು ಅಲ್ಲೂ ಇದ್ದರು ಅಂತಾಯಿತು. ಪೂರ್ತಿ ದುಂಡನೆಯ ಕೊಳವೆಯನ್ನು ಜಾನ್ ರೀಡ್ ಎಂಬ ತೋಟಗಾರ 1843ರಲ್ಲಿ ಡರ್ಬಿಯ ಕೃಷಿ ಪ್ರದರ್ಶನಕ್ಕೆ ಬರುವಂತೆ ಮಾಡಿದ. ಎರಡೇ ವರ್ಷದಲ್ಲಿ, 1845ರಲ್ಲಿ, ಥಾಮಸ್ ಸ್ಕ್ರ್ಯಾಗ್ ಎಂಬವನ ಕೊಳವೆ ಒತ್ತುವ ಯಂತ್ರಕ್ಕೆ ಬಹುಮಾನ ಬಂತು. ಅಮೆರಿಕದಲ್ಲಿ ಇದನ್ನು ಶುರುಮಾಡಿದ್ದು ಸ್ಕಾಟ್ಲೆಂಡಿನಿಂದ ಹೋಗಿ ನ್ಯೂಯಾರ್ಕ್ ರಾಜ್ಯದಲ್ಲಿ ನೆಲೆಸಿದ ಜಾನ್ ಜಾನ್‌ಸ್ಟನ್ ಎಂಬ ರೈತ. 1830ರ ದಶಕದಲ್ಲಿ ಅವನು ಊರಿನಿಂದ ಮಾದರಿ ತರಿಸಿಕೊಂಡು, ಅದನ್ನು ನೋಡಿ ಅಲ್ಲೇ ಮಾಡಿಸಿದ.

ಮಡಕೆ ಒಸರುವುದು ಸುಳ್ಳಾ?

ಸುಳ್ಳಲ್ಲ. ತಪ್ಪು ನಂಬಿಕೆ ಹುಟ್ಟಿರುವುದೇ ಈ ನಿಜದಿಂದ. ಮೆರುಗಿಲ್ಲದ ಸುಟ್ಟ ಮಣ್ಣಿನಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ. ಮಡಕೆಯ ನೀರು ಅದರಲ್ಲಿ ಒಸರಿ, ಹೊರಮೈಯಲ್ಲಿ ಆವಿಯಾಗಿ, ಒಳಗಿನ ನೀರನ್ನು ತಣ್ಣಗೆ ಮಾಡುತ್ತದೆ. ಗಿಡದ ಬುಡದಲ್ಲಿ ಮಡಕೆ ಹೂತು ನೀರು ತುಂಬಿಡುವ ಮಡಕೆ ನೀರಾವರಿಯೂ ಇದೇ ಗುಣದಿಂದ ನಡೆಯುತ್ತದೆ. ಆದರೆ ಅದು ಕೆಲಸಕ್ಕೆ ಬರುವುದು ತೀರಾ ನಿಧಾನ ಆಗಿರುವುದರಿಂದಲೇ. ಗಿಡಕ್ಕೆ ಬೇಕಾದದ್ದು ತೊಟ್ಟು ತೊಟ್ಟು ನೀರು. ಜೌಗು ಹಿಡಿದ ಜಮೀನಿನಿಂದ ಆಚೆ ಹೋಗಬೇಕಾದದ್ದು ಸಾವಿರಾರು ಲೀಟರ್.

ನೀವೇ ಪರೀಕ್ಷೆ ಮಾಡಬಹುದು. ಬಣ್ಣ ಬಳಿಯದ ಎರಡು ಮಣ್ಣಿನ ಹೂಕುಂಡ ತನ್ನಿ. ಒಂದರ ತಳದ ತೂತನ್ನು ಎಂ-ಸೀಲ್ ಹಾಕಿ ಮುಚ್ಚಿ, ಇನ್ನೊಂದನ್ನು ಹಾಗೇ ಬಿಡಿ. ಎರಡಕ್ಕೂ ಕಂಠದವರೆಗೆ ನೀರು ತುಂಬಿ. ತೂತಿರುವ ಕುಂಡ ನೀವು ನೋಡುತ್ತಿರುವಾಗಲೇ ಬರಿದಾಗುತ್ತದೆ. ಮುಚ್ಚಿದ ಕುಂಡದ ಹೊರಮೈ ಒದ್ದೆಯಾಗುತ್ತದೆ, ಬೆಳಗಾಗುವ ಹೊತ್ತಿಗೆ ನೀರು ಒಂದಿಷ್ಟು ಇಳಿದಿರುತ್ತದೆ, ಅಷ್ಟೆ. ಹೂತ ಪೈಪಿನಲ್ಲಿ ಗೋಡೆಗೂ ಸಂದಿಗೂ ಇರುವ ವ್ಯತ್ಯಾಸ ಇದೇ.

ಇನ್ನೂ ಗಟ್ಟಿಯಾದ ಸಾಕ್ಷಿ ಬೇಕೆ? ಉಪ್ಪಿನ ಮೆರುಗು ಕೊಟ್ಟ ಸ್ಟೋನ್‌ವೇರ್ ಪೈಪಿನ ಗೋಡೆ ಒಸರುವುದೇ ಇಲ್ಲ. ಆದರೂ ಅದರ ತುಂಡುಗಳನ್ನು ಸಂದಿ ಬಿಟ್ಟು ಜೋಡಿಸಿದರೆ ಜಮೀನು ಚೆನ್ನಾಗಿಯೇ ಬಸಿಯುತ್ತದೆ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಸವಳು ಜವಳಾದ ಭೂಮಿಗೆ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದವರು ಹೂತು ನೋಡಿದ ಸುಕ್ಕು ಸುಕ್ಕಾದ ಪ್ಲಾಸ್ಟಿಕ್ ಪೈಪಿನ ವಿಷಯವೂ ಹೀಗೆಯೇ. ಪ್ಲಾಸ್ಟಿಕ್ಕು ಹನಿ ನೀರನ್ನೂ ಹೀರುವುದಿಲ್ಲ. ಅದರ ಮೈಗೆ ಕೊರೆದಿರುವ ತೂತುಗಳೇ ಕೆಲಸ ಮಾಡುವುದು.

ಸಂದಿಯ ಲೆಕ್ಕ

ಎರಡು ತುಂಡುಗಳ ನಡುವೆ ಎಷ್ಟು ಸಂದಿ ಬಿಡಬೇಕು? ಅಂಟು ಮಣ್ಣಿನ ಜಮೀನಾದರೆ ಸುಮಾರು 3 ಮಿಲಿಮೀಟರ್. ಮರಳು ಮಣ್ಣಾದರೆ ಅದರ ಅರ್ಧ ಅಥವಾ ಒಂದಕ್ಕೊಂದು ತಾಗಿಸಿ ಇಟ್ಟರೂ ಸಾಕು, ಏಕೆಂದರೆ ಕೈಯಲ್ಲಿ ಮಾಡಿದ ಪೈಪಿನ ಬಾಯಿ ಎಂದೂ ಪೂರ್ತಿ ಸಮ ಇರುವುದಿಲ್ಲ.

3 ಮಿಲಿಮೀಟರ್ ಅಂದರೆ ಏನೂ ಅಲ್ಲ ಅನ್ನಿಸಬಹುದು. ಲೆಕ್ಕ ಹಾಕೋಣ. ಹೊರಗಿನ ಅಡ್ಡಳತೆ 126 ಮಿಲಿಮೀಟರ್ ಇರುವ ಪೈಪಿನ ಸುತ್ತಳತೆ ಸುಮಾರು 396 ಮಿಲಿಮೀಟರ್. ಅದನ್ನು 3ರಿಂದ ಗುಣಿಸಿದರೆ ಒಂದು ಸಂದಿಗೆ ಸುಮಾರು 12 ಚದರ ಸೆಂಟಿಮೀಟರ್ ಬಾಯಿ. 30 ಸೆಂಟಿಮೀಟರ್ ಉದ್ದದ ತುಂಡುಗಳನ್ನು 100 ಮೀಟರ್ ಸಾಲಿಗೆ ಜೋಡಿಸಿದರೆ 330ರ ಆಸುಪಾಸು ಸಂದಿಗಳು. ಒಟ್ಟು ಸುಮಾರು 0.4 ಚದರ ಮೀಟರ್. ಎರಡು ಅಡಿ ಉದ್ದ, ಎರಡು ಅಡಿ ಅಗಲದ ಒಂದು ಕಿಟಕಿಯನ್ನು ನೆಲದೊಳಗೆ ತೆರೆದಿಟ್ಟ ಹಾಗೆ. ಸಿಮೆಂಟ್ ಮೆತ್ತಿದಿರೋ, ಆ ಕಿಟಕಿಯನ್ನು ಗಾರೆ ಹಾಕಿ ಮುಚ್ಚಿದಿರಿ.

ಮಣ್ಣು ಒಳಗೆ ನುಗ್ಗುವುದಿಲ್ಲವೇ ಎಂಬ ಭಯ ನ್ಯಾಯವಾದದ್ದೇ. ಆದರೆ ನೀರು ಮೇಲಿನಿಂದ ಮಳೆ ಸುರಿದ ಹಾಗೆ ಪೈಪಿಗೆ ಬೀಳುವುದಿಲ್ಲ. ನೆಲದೊಳಗಿನ ನೀರಿನ ಮಟ್ಟ ಏರಿದಾಗ ಪಕ್ಕದಿಂದ, ಕೆಳಗಿನಿಂದ ಮೆಲ್ಲಗೆ ಒಳಗೆ ಬರುತ್ತದೆ. ಮಣ್ಣು ಉದುರುವುದು ಮಾತ್ರ ಹೆಚ್ಚಾಗಿ ಮೇಲಿನಿಂದ. ಹಾಗಾಗಿ ಹಳಬರು ಸಂದಿಯ ಮೇಲರ್ಧಕ್ಕೆ ಮಾತ್ರ ಡಾಂಬರು ಕಾಗದ ಹೊದಿಸಿ, ಕೆಳಗರ್ಧ ತೆರೆದಿಡುತ್ತಿದ್ದರು. ಪೈಪಿನ ಸುತ್ತ ಸಣ್ಣ ಜಲ್ಲಿ, ದಪ್ಪ ಮರಳು ತುಂಬಿದರೆ ಇನ್ನೂ ಒಳ್ಳೆಯದು.

ಇದರ ತಿರುಗು ಮುರುಗು ಕೂಡ ನೆನಪಿರಲಿ. ಕುಡಿಯುವ ನೀರು ಸಾಗಿಸುವ ಅಥವಾ ಪಾಯಿಖಾನೆಯ ನೀರು ಹೋಗುವ ಪೈಪಿನಲ್ಲಿ ಸಂದಿ ಮುಚ್ಚಲೇಬೇಕು. ವಿಜಯಪುರದಲ್ಲಿ ಆದಿಲ್‌ಶಾಹಿಗಳ ಕಾಲದಲ್ಲಿ ಬೇಗಂ ತಲಾಬಿನಿಂದ ಊರಿಗೆ ನೀರು ತಂದದ್ದು ಮಣ್ಣಿನ ಕೊಳವೆಗಳಲ್ಲೇ, ಆದರೆ ಅವನ್ನು ಗಾರೆ ಕಟ್ಟಡದೊಳಗೆ ಹುದುಗಿಸಿದ್ದರು. ಕೊಳವೆ ಅದೇ, ಕೆಲಸ ಬೇರೆ, ಹಾಗಾಗಿ ಸಂದಿಯೂ ಬೇರೆ. ಶೌಚಾಲಯದ ನೀರನ್ನು ಜಮೀನಿನ ಬಸಿಪೈಪಿಗೆ ಜೋಡಿಸಿದರೆ ಅದು ಪ್ರತಿ ಸಂದಿಯಲ್ಲೂ ಸೋರಿ ಹತ್ತಿರದ ಬಾವಿಯನ್ನು ಕೆಡಿಸುತ್ತದೆ. ವಾಂತಿಭೇದಿಗೆ ಅಷ್ಟು ಸಾಕು.

ಅಚ್ಚು ಹೇಗಿರಬೇಕು?

ಕುಂಬಾರರ ಮನೆಯಲ್ಲಿ ಈ ಕೊಳವೆಗೆ ಹೊಸ ಅಚ್ಚೇ ಬೇಕಿಲ್ಲ. ನಾಡಹೆಂಚು ಮಾಡುವುದನ್ನು ನೋಡಿದವರಿಗೆ ಇದು ಗೊತ್ತು. ತಿಗರಿಯ ಮೇಲೆ ತಳವಿಲ್ಲದ, ಒಂದು ಕಡೆ ಕೊಂಚ ಕಿರಿದಾದ ಕೊಳವೆ ಎತ್ತುತ್ತಾರೆ. ಅರ್ಧ ಆರಿದ ಮೇಲೆ ಎರಡು ಬದಿಗೂ ಉದ್ದಕ್ಕೆ ಗೀರಿ, ಆಮೇಲೆ ಸೀಳಿದರೆ ಎರಡು ಹೆಂಚು. ಸೀಳದೆ ಬಿಟ್ಟರೆ ಅದೇ ಬಸಿಪೈಪು. ಕಿರಿದಾದ ಬಾಯಿಯನ್ನು ಮುಂದಿನದರ ಅಗಲ ಬಾಯಿಗೆ ತೂರಿಸುವ ಇಂಥ ಕೊಳವೆಗಳು ಹರಪ್ಪ ಕಾಲದ ಊರುಗಳಲ್ಲೂ ಸಿಕ್ಕಿವೆ.

ತಿಗರಿ ಇಲ್ಲದವರಿಗೆ ದಿಂಡಿನ ಅಚ್ಚು. ಹಳೆಯ ಪದ್ಧತಿಯಲ್ಲಿ ಮರದ ದಿಂಡು ಕಡೆಸುತ್ತಿದ್ದರು, ಈಗ 110 ಮಿಲಿಮೀಟರಿನ ಪಿವಿಸಿ ಪೈಪಿನ ತುಂಡು ಸಾಕು. ಮರದ ಚೌಕಟ್ಟಿನೊಳಗೆ ಹದ ಮಾಡಿದ ಜೇಡಿಮಣ್ಣನ್ನು 15 ಮಿಲಿಮೀಟರ್ ದಪ್ಪಕ್ಕೆ ತಟ್ಟಿ, ಹಲಗೆಯಿಂದ ಸಮ ಮಾಡಿ, ಆ ಹಾಳೆಯನ್ನು ದಿಂಡಿಗೆ ಸುತ್ತಿ, ಅಂಚಿಗೆ ಅಂಚು ಸೇರಿಸಿ, ತೆಳು ಮಣ್ಣಿನ ಅಂಟು ಹಚ್ಚಿ ಒತ್ತಬೇಕು. ಹಾಳೆಯ ಅಗಲ ಸುಮಾರು 39 ಸೆಂಟಿಮೀಟರ್, ಅದರ ಮೇಲೆ ಅಂಚು ಸೇರಿಸಲು ಒಂದೆರಡು ಸೆಂಟಿಮೀಟರ್ ಹೆಚ್ಚು ಇರಲಿ.

ಇಲ್ಲಿ ಬಹಳ ಜನ ಎಡವುವ ಜಾಗ ಒಂದಿದೆ. ಮಣ್ಣು ಆರುವಾಗ ಕುಗ್ಗುತ್ತದೆ, ದಿಂಡು ಕುಗ್ಗುವುದಿಲ್ಲ. ದಿಂಡಿನ ಮೇಲೇ ಆರಲು ಬಿಟ್ಟರೆ ಕೊಳವೆ ಉದ್ದಕ್ಕೂ ಸೀಳುತ್ತದೆ. ಅದಕ್ಕೇ ದಿಂಡಿಗೆ ಮೊದಲು ಪತ್ರಿಕೆಯ ಕಾಗದ ಸುತ್ತಿ ಅಥವಾ ಜರಡಿ ಹಿಡಿದ ಬೂದಿ ಉದುರಿಸಿ, ಕೊಳವೆ ತನ್ನ ಆಕಾರ ತಾನು ಹಿಡಿದುಕೊಳ್ಳುವಷ್ಟು ಗಟ್ಟಿಯಾದ ಕೂಡಲೇ ದಿಂಡನ್ನು ತಿರುವಿ ಎಳೆದುಬಿಡಬೇಕು. ಕಾಗದ ಒಳಗೇ ಉಳಿದರೂ ಚಿಂತೆಯಿಲ್ಲ, ಆವಿಗೆಯಲ್ಲಿ ಸುಟ್ಟುಹೋಗುತ್ತದೆ.

ಎರಡನೆಯದು ಅಳತೆ. ಎಷ್ಟು ಕುಗ್ಗುತ್ತದೆ ಎಂಬುದು ಆಯಾ ಮಣ್ಣಿನ ಗುಣ, ಪಕ್ಕದೂರಿನವರ ಲೆಕ್ಕ ನಿಮಗೆ ಆಗಿಬರುವುದಿಲ್ಲ. ಹಸಿಮಣ್ಣಿನ ಒಂದು ಪಟ್ಟಿ ಮಾಡಿ, ಸರಿಯಾಗಿ 10 ಸೆಂಟಿಮೀಟರ್ ದೂರಕ್ಕೆ ಎರಡು ಗೀರು ಹಾಕಿ, ಸುಟ್ಟ ಮೇಲೆ ಮತ್ತೆ ಅಳೆಯಿರಿ. 9 ಬಂದರೆ ಕುಗ್ಗುವುದು ನೂರಕ್ಕೆ ಹತ್ತು. ಆಗ 110 ಮಿಲಿಮೀಟರ್ ದಿಂಡಿನ ಕೊಳವೆಗೆ ಕೊನೆಗೆ ಉಳಿಯುವ ಒಳ ಅಡ್ಡಳತೆ 99, ಅಂದರೆ ನಾಲ್ಕು ಇಂಚು ಅನ್ನಬಹುದು. 30 ಸೆಂಟಿಮೀಟರ್ ಉದ್ದ ಬೇಕಾದರೆ ಹಸಿಯಲ್ಲಿ 33ಕ್ಕಿಂತ ಸ್ವಲ್ಪ ಹೆಚ್ಚು ಇರಬೇಕು. ನೆರಳಲ್ಲಿ ನಿಧಾನ ಆರಿಸಿ, ಆಗಾಗ ಉರುಳಿಸಿ. ಬಿಸಿಲಿಗೆ ಇಟ್ಟರೆ ಒಂದು ಮಗ್ಗುಲು ಬೇಗ ಆರಿ ಕೊಳವೆ ಬಾಳೆಕಾಯಿಯ ಹಾಗೆ ಬಾಗುತ್ತದೆ. ಬಾಗಿದ ಕೊಳವೆಯ ಸಂದಿ ಒಂದು ಕಡೆ ಮುಚ್ಚಿ ಇನ್ನೊಂದು ಕಡೆ ಬಾಯಿ ಬಿಡುತ್ತದೆ, ಮಣ್ಣು ನುಗ್ಗುವುದು ಅಲ್ಲೇ.

ಕಾರ್ಖಾನೆಯಲ್ಲಿ ದಿಂಡೂ ಇಲ್ಲ, ಚೌಕಟ್ಟೂ ಇಲ್ಲ. ಚಕ್ಕುಲಿ ಒರಳು ನೆನಪಿಸಿಕೊಳ್ಳಿ. ಯಂತ್ರ ಮಣ್ಣನ್ನು ದುಂಡು ಬಾಯಿಯಿಂದ ಒತ್ತುತ್ತದೆ, ಬಾಯಿಯ ನಡುವೆ ಒಂದು ಗುಂಡು ಇರುತ್ತದೆ, ಅದನ್ನು ಹಿಂದಿನಿಂದ ಕಬ್ಬಿಣದ ಅಡ್ಡಪಟ್ಟಿ ಹಿಡಿದಿರುತ್ತದೆ. ಪಟ್ಟಿಗೆ ಸಿಕ್ಕಿ ಸೀಳಿದ ಮಣ್ಣು ಬಾಯಿಗೆ ಬರುವಷ್ಟರಲ್ಲಿ ಮತ್ತೆ ಬೆಸೆದುಕೊಂಡು ಟೊಳ್ಳು ಕೊಳವೆಯಾಗಿ ಈಚೆ ಬರುತ್ತದೆ, ತಂತಿಯಿಂದ ಕತ್ತರಿಸುತ್ತಾರೆ. ಬಂಗಾರಪೇಟೆಯಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗುವವರು ದಾರಿಯಲ್ಲಿ ಮಾಲೂರು ನೋಡಿರುತ್ತೀರಿ. ಹೆಂಚು, ಇಟ್ಟಿಗೆಗೆ ಹೆಸರಾದ ಊರು. ತಂತಿಯಿಂದ ಕತ್ತರಿಸುವ ಟೊಳ್ಳು ಇಟ್ಟಿಗೆಯ ಯಂತ್ರದ ತತ್ವವೂ ಇದೇ, ಬಾಯಿಯ ಆಕಾರ ಮಾತ್ರ ಬೇರೆ. ಮಂಗಳೂರು ಹೆಂಚಿನದು ಹಾಗಲ್ಲ. 1865ರಲ್ಲಿ ಬಾಸೆಲ್ ಮಿಷನ್ನಿನವರು ಜೆಪ್ಪುವಿನಲ್ಲಿ ಶುರುಮಾಡಿದ ಆ ಹೆಂಚು ಮೇಲೊಂದು ಕೆಳಗೊಂದು ಅಚ್ಚಿನ ನಡುವೆ ಒತ್ತಿ ತೆಗೆಯುವಂಥದ್ದು. ಹಾಗೆ ಒತ್ತಿ ಕೊಳವೆ ಮಾಡಲು ಬರುವುದಿಲ್ಲ.

ಸಿಮೆಂಟಿನಲ್ಲಿ ಮಾಡಬಹುದಾ? ಮಾಡಬಹುದು. ಬಾವಿಗೆ, ಶೌಚಾಲಯದ ಗುಂಡಿಗೆ ಇಳಿಸುವ ರಿಂಗ್ ಹಾಕುವವರ ಅಚ್ಚನ್ನೇ ಚಿಕ್ಕದು ಮಾಡಿದರೆ ಆಯಿತು. ಹೊರಗಿನ ತಗಡು ಎರಡು ಹೋಳು, ಬೋಲ್ಟ್ ಹಾಕಿ ಬಿಗಿಯುವುದು. ಒಳಗಿನ ತಗಡಿಗೆ ಉದ್ದಕ್ಕೆ ಒಂದು ಸೀಳು, ಅದರಲ್ಲಿ ಬೆಣೆ. ಬೆಣೆ ಕಿತ್ತರೆ ಒಳ ಅಚ್ಚು ಕುಗ್ಗಿ ಸಲೀಸಾಗಿ ಈಚೆ ಬರುತ್ತದೆ. ಮಣ್ಣಿನಲ್ಲಿ ಕುಗ್ಗುವುದು ಕೊಳವೆ, ಇಲ್ಲಿ ಕುಗ್ಗಬೇಕಾದದ್ದು ಅಚ್ಚು. ತಗಡಿಗೆ ಎಣ್ಣೆ ಸವರಿ, ನೀರು ಕಡಿಮೆ ಹಾಕಿದ ಕಾಂಕ್ರೀಟನ್ನು ಕುಟ್ಟಿ ತುಂಬಿ, ಅಚ್ಚು ತೆಗೆದ ಮೇಲೆ ಕನಿಷ್ಠ ಒಂದು ವಾರ ನೀರುಣಿಸಬೇಕು. ಸೌದೆ ಬೇಡ, ಕುಗ್ಗುವ ಲೆಕ್ಕ ಬೇಡ. ಆದರೆ ಸಲ್ಫೇಟ್ ಲವಣ ಹೆಚ್ಚಿರುವ ಮಣ್ಣು, ಹುಳಿ ಮಣ್ಣು ಸಿಮೆಂಟನ್ನು ವರ್ಷಗಳಲ್ಲಿ ತಿಂದುಹಾಕುತ್ತದೆ. ಚೆನ್ನಾಗಿ ಬೆಂದ ಮಣ್ಣಿನ ಕೊಳವೆಗೆ ಆ ಭಯವಿಲ್ಲ. ಹಾಗಾಗಿ ಮಣ್ಣು ಪರೀಕ್ಷೆ ಮಾಡಿಸದೆ ಸಿಮೆಂಟ್ ಪೈಪು ಹೂಳಬೇಡಿ.

ಸೈನೈಡ್ ದಿಬ್ಬದ ಪುಡಿ ಪುಕ್ಕಟೆ ಸಿಗುತ್ತದಲ್ಲ, ಬಳಸಬಹುದಾ?

ಕೆಜಿಎಫ್ ಸುತ್ತಮುತ್ತ ಈ ಪ್ರಶ್ನೆ ಸಹಜ. 1880ರಿಂದ 2001ರ ಫೆಬ್ರುವರಿ 28ರವರೆಗೆ ನಡೆದ ಗಣಿ ಬಿಟ್ಟುಹೋದ ಅರೆದ ಕಲ್ಲಿನ ಪುಡಿ, ಊರಿನ ತುಂಬ ದಿಬ್ಬಗಳಾಗಿ ನಿಂತಿದೆ. ಒಟ್ಟು 3 ಕೋಟಿ ಟನ್ನಿಗೂ ಹೆಚ್ಚು. ಚಿನ್ನ ತೆಗೆಯಲು ಸೈನೈಡ್ ದ್ರಾವಣ ಹಾಕಿದ್ದರಿಂದ ಆ ಹೆಸರು.

ಅದರಲ್ಲಿ ಇಟ್ಟಿಗೆ ಮಾಡಬಹುದು ಎಂಬ ಮಾತಿಗೆ ಆಧಾರ ಇದೆ. ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆಯ ವಿಜ್ಞಾನಿಗಳು ಈ ಪುಡಿಗೆ ಸಿಮೆಂಟ್, ಕಪ್ಪು ಮಣ್ಣು, ಕೆಂಪು ಮಣ್ಣುಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿ ಇಟ್ಟಿಗೆ ಮಾಡಿ ನೋಡಿ, 2007ರಲ್ಲಿ ವರದಿ ಪ್ರಕಟಿಸಿದ್ದಾರೆ. ಸಿಮೆಂಟ್ ಇಟ್ಟಿಗೆಗೆ ನೂರಕ್ಕೆ 20 ಪಾಲು ಸಿಮೆಂಟ್ ಬೇಕಾಯಿತು. ಆದರೆ ಅದು ಪ್ರಯೋಗಾಲಯದಲ್ಲಿ, ಅಳೆದು ತೂಗಿ, ಗೋಡೆ ಕಟ್ಟುವ ಇಟ್ಟಿಗೆಗಾಗಿ ಮಾಡಿದ ಕೆಲಸ. ಟ್ರ್ಯಾಕ್ಟರಿನಲ್ಲಿ ತುಂಬಿಕೊಂಡು ಹೋಗಿ ಎಂದು ಯಾರೂ ಹೇಳಿಲ್ಲ. ದಿಬ್ಬಗಳು ಸಾರ್ವಜನಿಕರ ಸ್ವತ್ತೂ ಅಲ್ಲ.

ಬಸಿಪೈಪಿನ ಕೆಲಸಕ್ಕಂತೂ ಇದು ಎರಡು ಕಾರಣಕ್ಕೆ ಬೇಡ. ಸೈನೈಡ್ ಬಿಸಿಲು ಗಾಳಿಗೆ ಕಾಲಕ್ರಮದಲ್ಲಿ ಬಹುಪಾಲು ಒಡೆದುಹೋಗುತ್ತದೆ. ಆದರೆ ಅದಿರಿನ ಜೊತೆ ಬಂದ ಲೋಹಗಳು ಎಲ್ಲೂ ಹೋಗುವುದಿಲ್ಲ, ಬಸಿಪೈಪಿನ ಸುತ್ತ ತುಂಬಿದರೆ ದಿನವೂ ನೀರು ಅವನ್ನು ತೊಳೆದು ಕೆಳಗಿನ ಕೆರೆಗೆ, ಬಾವಿಗೆ ಒಯ್ಯುತ್ತದೆ. ಎರಡನೆಯದಾಗಿ, ಅದು ಹಿಟ್ಟಿನಷ್ಟು ನುಣುಪು. ಬೇಸಗೆಯ ಗಾಳಿಗೆ ಅದು ಮನೆಯೊಳಗೆ ಬಂದು ಕೂರುವುದನ್ನು ಕೆಜಿಎಫ್‌ನವರಿಗೆ ಹೇಳಿಕೊಡಬೇಕಿಲ್ಲ. ಆ ಪುಡಿ ಮೊದಲು ಮುಚ್ಚುವುದು ಸಂದಿಯನ್ನೇ.

ಬರದ ಜಿಲ್ಲೆಗೆ ನೀರು ಬಸಿಯುವ ಪೈಪು ಯಾಕೆ?

ಒಪ್ಪತಕ್ಕ ಪ್ರಶ್ನೆ. ಬೋರ್‌ವೆಲ್ ಸಾವಿರ ಅಡಿ ದಾಟಿರುವ ಕೋಲಾರ ಜಿಲ್ಲೆಯಲ್ಲಿ ಹೆಚ್ಚಿನ ಜಮೀನಿಗೆ ಇದು ಬೇಕಿಲ್ಲ, ಎತ್ತರದ ಕೆಂಪು ಮಣ್ಣಿನ ಹೊಲದಲ್ಲಿ ನೀರು ತಾನೇ ಇಳಿದುಹೋಗುತ್ತದೆ. ಬೇಕಾಗುವುದು ಕೆರೆ ಏರಿಯ ಕೆಳಗಿನ ತಗ್ಗಿನಲ್ಲಿ, ಅಂಟು ಮಣ್ಣಿನ ಅಚ್ಚುಕಟ್ಟಿನಲ್ಲಿ, ಅದೂ 2021ರ ನವೆಂಬರಿನಂತೆ ಬಿಡದೆ ಮಳೆ ಹಿಡಿದಾಗ. ಬೇರಿಗೆ ಗಾಳಿ ಸಿಗದೆ ಟೊಮೆಟೊ, ಹಿಪ್ಪುನೇರಳೆ ಸೊರಗುವುದು ಅಂಥ ಕಡೆ.

ಹಾಗಾದರೆ ಬೇಸಗೆಯಲ್ಲಿ ಪೈಪು ಬೆಳೆಯ ನೀರನ್ನೂ ಎಳೆದುಕೊಳ್ಳುತ್ತದೆಯೇ? ಇಲ್ಲ. ಒಗೆದ ಪಂಚೆಯನ್ನು ಹಿಂಡದೆ ಹಗ್ಗಕ್ಕೆ ಹಾಕಿ. ಸ್ವಲ್ಪ ಹೊತ್ತು ನೀರು ಸುರಿದು ಆಮೇಲೆ ತೊಟ್ಟಿಕ್ಕುವುದು ನಿಲ್ಲುತ್ತದೆ, ಪಂಚೆ ಮಾತ್ರ ಒದ್ದೆಯೇ. ಮಣ್ಣೂ ಹಾಗೆ. ತನ್ನ ಸಣ್ಣ ರಂಧ್ರಗಳಲ್ಲಿ ಹಿಡಿದುಕೊಂಡ ನೀರನ್ನು ಅದು ಪೈಪಿಗೆ ಬಿಟ್ಟುಕೊಡುವುದಿಲ್ಲ, ಬೇರಿಗೆ ಮಾತ್ರ ಕೊಡುತ್ತದೆ. ಸುತ್ತಲಿನ ಮಣ್ಣು ನೀರು ಕುಡಿದು ತುಂಬಿ ತುಳುಕುತ್ತಿದ್ದರೆ ಮಾತ್ರ ಹೆಚ್ಚುವರಿ ನೀರು ಸಂದಿಯಲ್ಲಿ ಇಳಿಯುತ್ತದೆ. ಬರುವ ನೀರನ್ನು ಕೃಷಿಹೊಂಡಕ್ಕೆ ತಿರುಗಿಸಿಕೊಂಡರೆ ಅದೂ ನಿಮ್ಮದೇ.

ಹೂಳುವಾಗ

ಗುಂಡಿಯನ್ನು ನೀರು ಹೊರಹೋಗುವ ಕಡೆಯಿಂದ ಶುರುಮಾಡಿ ಮೇಲಕ್ಕೆ ತೋಡುತ್ತ ಹೋಗಿ. 100 ಮೀಟರಿಗೆ 10ರಿಂದ 20 ಸೆಂಟಿಮೀಟರ್ ಇಳಿಜಾರು ಸಾಕು, ಆದರೆ ನಡುವೆ ಎಲ್ಲೂ ತಗ್ಗು ಉಳಿಯಬಾರದು, ಉಳಿದರೆ ಹೂಳು ನಿಲ್ಲುತ್ತದೆ. ಕಣ್ಣಂದಾಜು ನಂಬಬೇಡಿ, ಗಾರೆ ಕೆಲಸದವರ ನೀರು ತುಂಬಿದ ಟ್ಯೂಬಿನಿಂದ ಮಟ್ಟ ಹಿಡಿಸಿ. ಮೇಲಿನ ತುದಿಯ ಪೈಪಿನ ಬಾಯಿಗೆ ಚಪ್ಪಡಿ ಕಲ್ಲು ಮುಚ್ಚಿ. ಕೆಳಗಿನ ತುದಿಗೆ ತಂತಿ ಬಲೆ ಕಟ್ಟಿ, ಇಲ್ಲದಿದ್ದರೆ ಬೇಸಗೆಯಲ್ಲಿ ಹೆಗ್ಗಣ ಸೇರಿಕೊಂಡು ಮರಿ ಹಾಕುತ್ತದೆ. ಆ ಬಾಯಿ ಕಾಲುವೆಯ ನೀರಿನ ಮಟ್ಟಕ್ಕಿಂತ ಒಂದು ಗೇಣಾದರೂ ಮೇಲಿರಲಿ. ಮೊದಲ ಜೋರು ಮಳೆ ನಿಂತ ಮಾರನೆಯ ದಿನ ಹೋಗಿ ನೋಡಿ. ಬರುವ ನೀರು ಮೊದಲು ರಾಡಿಯಾಗಿದ್ದು ಒಂದೆರಡು ದಿನದಲ್ಲಿ ತಿಳಿಯಾಗುತ್ತದೆ. ತಿಳಿಯಾಗದೆ ಮಣ್ಣು ಬರುತ್ತಲೇ ಇದ್ದರೆ ಎಲ್ಲೋ ಒಂದು ಸಂದಿ ಅಗಲವಾಗಿದೆ ಎಂದರ್ಥ, ಅದರ ನೇರಕ್ಕೆ ಮೇಲಿನ ನೆಲ ಕುಸಿದು ಗುಳಿ ಬಿದ್ದಿರುತ್ತದೆ, ಅಲ್ಲೇ ಅಗೆದು ನೋಡಿ.